ಸುಮ್ಮನಿರದ ಬೆರಳು

ಜೀವಮಾನವೆಲ್ಲ ಬ್ರೆಡ್ಡಿನ ಹಿಟ್ಟನ್ನು ಒತ್ತಿ ನೋಡಿದ ಮನುಷ್ಯನಿಗೆ ಒಂದು ಗಿಡ ಕೊಟ್ಟು ‘ಮುಟ್ಟಬೇಡ’ ಎಂದರೆ ಹೇಗೆ ಸ್ವಾಮಿ? ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದರೆ ಹಿಟ್ಟು ಹದಕ್ಕೆ ಬಂದಿದೆ ಎಂದರ್ಥ. ಮಂಡಿನೋವಿಗೆ ಬೇಕರಿ ಬಿಟ್ಟು ಮನೆಯಲ್ಲಿ ಕೂತರೂ ಬೇಕರಿಯವರ ಆ ಬೆರಳು ಮಾತ್ರ ಕೂರಲಿಲ್ಲ. ದಿಂಬು, ಮಾಗಿದ ಹಣ್ಣು, ಹೆಂಡತಿಯ ಭುಜ, ಸಿಕ್ಕಿದ್ದನ್ನೆಲ್ಲ ಒತ್ತುವುದೇ. ಕೊನೆಗೆ ಮಲಗಿದ್ದ ಮೊಮ್ಮಗಳ ಕೆನ್ನೆಯನ್ನೂ ಬಿಡಲಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ಎಂಬ ದಿಗಿಲಿಗೆ ಒತ್ತುವುದು, ಕೂಸು ಮನೆ ಹಾರಿಹೋಗುವಂತೆ ಅಳುವುದು. ಮಲಗಿಸಿದಾಗಲೆಲ್ಲ ಇದೇ ರಾಮಾಯಣ.

ಮಗಳು ರೋಸಿಹೋದಳು. ಹೆರಿಗೆ ರಜೆ ಮುಗಿಯಲು ಇನ್ನೊಂದೇ ತಿಂಗಳಿತ್ತು. ಮಗುವನ್ನು ಹಗಲು ಅಪ್ಪನ ಹತ್ತಿರ ಬಿಡುವುದೋ, ಶಿಶುವಿಹಾರಕ್ಕೆ ಸೇರಿಸುವುದೋ ಅವಳಿಗೆ ತೋಚಲಿಲ್ಲ. ಗಂಡನ ಊರಿಗೆ ಒಂದು ತಿಂಗಳ ಮಟ್ಟಿಗೆ ಹೊರಡುವಾಗ ತನ್ನ ಕುಂಡವೊಂದನ್ನು ತಂದು ಅಪ್ಪನ ಕಿಟಕಿಯಲ್ಲಿಟ್ಟಳು.

“ಅಪ್ಪಾ, ಇದು ಸಕ್ಯುಲೆಂಟ್. ಎಲೇಲೇ ನೀರಿರತ್ತೆ. ನೀನು ಹಾಕೋದೂ ಬೇಡ, ಒತ್ತೋದೂ ಬೇಡ. ಇದನ್ನ ಸುಮ್ನೆ ಬಿಟ್ಟಿದ್ರೆ, ಮಗುನ ಬಿಡೋ ಮಾತಾಡೋಣ.”

“ಅಷ್ಟೇನಾ? ಅದೇನು ಮಹಾ!” ಎಂದರು ಬೇಕರಿಯವರು.

ಎಷ್ಟು ಮಹಾ ಎಂದು ಮರುದಿನವೇ ಗೊತ್ತಾಯಿತು. ಆ ಎಲೆಗಳೋ, ಉಬ್ಬಿ ಉಬ್ಬಿ, ಮೇಲೊಂದಿಷ್ಟು ಬಿಳಿ ಪುಡಿ, ಥೇಟ್ ಹಿಟ್ಟು ಉದುರಿಸಿದ ಪುಟ್ಟ ಬನ್ನು! ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋದಳೆಂದರೆ ಸಂಜೆಯವರೆಗೆ ಮನೆಯಲ್ಲಿ ಅವರು ಮತ್ತು ಅದು. ಅಡುಗೆಮನೆಗೆ ಹೋದರು, ಬಂದರು. ಚಪ್ಪಲಿ ಮೆಟ್ಟಿ ಬೀದಿಯ ತುದಿ ಮುಟ್ಟಿ ಬಂದರು. ಪೇಪರು ಬಿಡಿಸಿದರು, ಮಡಚಿದರು. ಬಾಡಿದೆಯಾ? ಬಾಡಿಲ್ಲವಾ? ಒಂದೇ ಒಂದು ಸಲ, ಮೆತ್ತಗೆ. ಒತ್ತಿದರು. ಎಲೆ ಟಪಕ್ಕನೆ ಉದುರಿತು.

ಸರಿ, ಒಂದು ತಾನೇ ಎಂದುಕೊಂಡರು. ಪಕ್ಕದ್ದು ಗಟ್ಟಿಯಾಗಿದೆಯಾ ಎಂದು ನೋಡಿದರೆ ಅದೂ ಕೈಗೆ ಬಂತು. ಹೀಗೇ ಒಂದೇ ವಾರದಲ್ಲಿ ಒಂದೊಂದಾಗಿ ಎಲ್ಲವನ್ನೂ ಉದುರಿಸಿ, ಕಳ್ಳನ ಹಾಗೆ ಹಳೆಯ ಬೇಕರಿ ಟ್ರೇಯೊಂದಕ್ಕೆ ಹಾಕಿ, ಬೀರುವಿನ ಮೇಲೆ ಹಿಂದಕ್ಕೆ ತಳ್ಳಿಟ್ಟರು. ಆಮೇಲೆ ನಾಚಿಕೆಯಿಂದ ಆ ಕಡೆ ತಲೆಯೆತ್ತಿ ನೋಡಲೂ ಇಲ್ಲ. ಕುಂಡದಲ್ಲಿ ಉಳಿದದ್ದು ಬೋಳು ಕಡ್ಡಿ. ತಿಂಗಳು ತುಂಬಿ ಮಗಳು ಬರುವ ದಿನ ಬಂತು.

“ಬೆಕ್ಕು ಬೀಳಿಸ್ತು ಅನ್ಲಾ?”

“ಅನ್ನಿ. ಆಮೇಲೆ ಒಂದು ಬೆಕ್ಕು ಸಾಕಿ,” ಎಂದಳು ಹೆಂಡತಿ.

ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಬಂದವಳು ನೇರ ಕಿಟಕಿಗೇ ಹೋದಳು. ಬೇಕರಿಯವರು ಎದ್ದು ನಿಂತರು.

“ಬೆಕ್ಕು...” ಎಂದರು. ಅವಳು ತಿರುಗಿ ನೋಡಿದಳು. “ನಾನೇ ಕಣಮ್ಮ. ತಡಿಯಕ್ಕಾಗ್ಲಿಲ್ಲ. ಎಲ್ಲ ಎತ್ತಿಟ್ಟಿದೀನಿ, ಒಂದೂ ಎಸ್ದಿಲ್ಲ.”

ಕುರ್ಚಿ ಹತ್ತಿ ಟ್ರೇ ಇಳಿಸಿದರು. ಇಳಿಸಿದವರು ಹಾಗೇ ನಿಂತುಬಿಟ್ಟರು. ಸುಕ್ಕುಗಟ್ಟಿದ ಒಂದೊಂದು ಎಲೆಯ ಬುಡದಲ್ಲೂ ದಾರದಂಥ ಗುಲಾಬಿ ಬೇರು, ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಚಿಗುರು.

“ಇದಕ್ಕೇನು ಮಾಡ್ದೆ?”

“ಏನೂ ಮಾಡ್ಲಿಲ್ಲ. ಆ ಕಡೆ ನೋಡೂ ಇಲ್ಲ.”

“ನೋಡಪ್ಪಾ, ನೀನು ಕೈ ಹಾಕದೆ ಬಿಟ್ಟಿದ್ದಷ್ಟೇ ಬದುಕಿರೋದು,” ಎಂದಳು ಮಗಳು. ಕೋಪವಿಲ್ಲದೆ ಹೇಳಿದ ಆ ಮಾತು ಬೇಕರಿಯವರಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಅವಳು ನಿದ್ದೆಹೋಗಿದ್ದ ಮಗುವನ್ನು ಮಂಚದ ಮೇಲೆ ಮಲಗಿಸಿ ಕೈಕಾಲು ತೊಳೆಯಲು ಹೋದಳು.

ಬೇಕರಿಯವರು ಮಂಚದ ಅಂಚಿಗೆ ಕೂತರು. ಕೆನ್ನೆಯೋ, ಈಗ ತಾನೇ ಉಬ್ಬಿದ ಹಿಟ್ಟಿನ ಹಾಗಿದೆ. ಮಗು ಅಲ್ಲಾಡುತ್ತಿಲ್ಲ. ಯಾಕೆ ಅಲ್ಲಾಡುತ್ತಿಲ್ಲ? ಬೆರಳು ತಾನಾಗಿಯೇ ಮುಂದೆ ಹೋಯಿತು. ಅರ್ಧಕ್ಕೆ ತಡೆದು, ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ ಅದುಮಿ ಕೂತರು. ಬಗ್ಗಿ ನೋಡಿದರು. ಅಂಗಿಯ ಗುಂಡಿ ಮೆಲ್ಲಗೆ ಮೇಲೇರಿತು, ಇಳಿಯಿತು, ಮತ್ತೆ ಏರಿತು.

ಮಗಳು ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

“ಸೋಮವಾರ ನಾನು ಕೆಲಸಕ್ಕೆ ಹೋಗ್ಬೇಕು. ಬೆಳಗ್ಗೆ ಬೇಗ ಎದ್ದಿರ್ತೀಯಾ?” ಎಂದು ಪಿಸುಗುಟ್ಟಿದಳು.

ಬಾಯಿ ಬಿಟ್ಟರೆ ಕೂಸು ಎದ್ದೀತು. ಬೇಕರಿಯವರು ತಲೆಯಾಡಿಸಿದರು. ಕಣ್ಣೀರು ಗಲ್ಲದವರೆಗೆ ಇಳಿದಿತ್ತು. ಒರೆಸಿಕೊಳ್ಳಲು ಕೈ ಹೊರಗೆ ತೆಗೆಯಲಿಲ್ಲ.