ನಡಾವಳಿಯ ಜ್ಯೋತಿಷಿ

ಅವರಿಗೆ ಬೆನ್ನೆಲುಬು ಇರಲಿಲ್ಲ. ಸಿಟ್ಟಿನಲ್ಲಿ ಹೇಳುತ್ತಿರುವ ಮಾತಲ್ಲ. ಆರು ವರ್ಷ ಹತ್ತಿರದಿಂದ ನೋಡಿ ಬಂದ ತೀರ್ಮಾನ. ನಗರಾಭಿವೃದ್ಧಿ ಪ್ರಾಧಿಕಾರದ ಸಭಾ ಕಾರ್ಯದರ್ಶಿಯಾಗಿ ಅವರು ಐವರು ಅಧ್ಯಕ್ಷರ ಕೈಕೆಳಗೆ ದುಡಿದರು. ಒಬ್ಬರನ್ನೊಬ್ಬರು ಜೈಲಿಗೆ ಕಳಿಸಲು ಹವಣಿಸುತ್ತಿದ್ದ ಆ ಐವರಿಗೂ ಸಮಾನವಾಗಿ ಬೇಕಾದವರಾಗಿದ್ದರು. ಹೀಗಿದ್ದೂ, ನಾನು ಕಂಡ ಅಸಾಧಾರಣ ಬುದ್ಧಿಶಕ್ತಿಯ ಜನರನ್ನು ನೆನೆಯುವಾಗ, ನನ್ನ ಗುರುಗಳಿಗಿಂತ, ಸಹೋದ್ಯೋಗಿಗಳಿಗಿಂತ ಮೊದಲು ಎದುರಿಗೆ ಬಂದು ನಿಲ್ಲುವವರು ಅವರೇ.

ಕಾರಿಡಾರು ಎಷ್ಟೇ ಅಗಲವಿರಲಿ, ಅವರು ನಡೆಯುತ್ತಿದ್ದದ್ದು ಗೋಡೆಯ ಪಕ್ಕದಲ್ಲಿ, ಭುಜ ಸುಣ್ಣಕ್ಕೆ ತಾಗಿಯೂ ತಾಗದಂತೆ. ಆದ್ದರಿಂದ ಅವರ ಕಂದು ಕೋಟಿನ ಎಡತೋಳು ಬಲತೋಳಿಗಿಂತ ಸದಾ ಕೊಂಚ ಬಿಳುಪಾಗಿರುತ್ತಿತ್ತು. ಸುಡುವ ಬೇಸಿಗೆಯಲ್ಲೂ ಆ ಕೋಟನ್ನು ಬಿಚ್ಚಿದವರಲ್ಲ. ಯಾರು ಏನು ಕೇಳಿದರೂ ಅವರಲ್ಲಿ ಉತ್ತರ ಒಂದೇ: “ಆಗಿದೆ ಅಂತಾನೇ ಇಟ್ಕೊಳ್ಳಿ.” ಲಿಫ್ಟು ರಿಪೇರಿಯಾಯಿತೇ, ಮೇಲಿನಿಂದ ಕಡತ ಬಂತೇ, ಮಗಳಿಗೆ ಕೆಲಸ ಸಿಕ್ಕಿತೇ, ಎಲ್ಲವೂ ಆಗಿದೆ ಅಂತಲೇ ಇಟ್ಟುಕೊಳ್ಳಬೇಕು. ನಾವು ಇಟ್ಟುಕೊಳ್ಳುತ್ತಿದ್ದೆವು.

ಭೂಗೋಳದ ಪ್ರಾಧ್ಯಾಪಕಿಯಾಗಿ ನಿವೃತ್ತಳಾದ ಮೇಲೆ ನನ್ನನ್ನು ಆ ಪ್ರಾಧಿಕಾರಕ್ಕೆ ತಜ್ಞ ಸದಸ್ಯೆಯೆಂದು ನೇಮಿಸಿದರು. ಮೊದಲ ಸಭೆಯಲ್ಲೇ, ಕೆರೆಯಂಗಳದ ಒಂದು ಬಡಾವಣೆಯನ್ನು ವಿರೋಧಿಸಿ ಇಪ್ಪತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನೆಂಬ ಜಂಬವೂ ಇತ್ತು. ಸಭೆ ಮುಗಿದು ಕುರ್ಚಿಗಳು ಸರಿಯುತ್ತಿರುವಾಗಲೇ ಅವರು ಟೈಪಾದ ನಡಾವಳಿಯನ್ನು ತಂದು ಮುಂದಿಟ್ಟರು. ನನ್ನ ವಿರೋಧ ಅದರಲ್ಲಿತ್ತು. ನಾನು ಇಪ್ಪತ್ತು ನಿಮಿಷದಲ್ಲಿ ಹೇಳಿದ್ದು ನಾಲ್ಕು ಸಾಲಿನಲ್ಲಿ, ಹೆಚ್ಚು ನಿಖರವಾಗಿ, ನಾನು ಹೇಳಲು ಮರೆತಿದ್ದ ಒಂದು ಅಂಶವೂ ಸೇರಿ. ಅದರ ಕೆಳಗೆ, ‘ಬಹುಮತದಿಂದ ಅಂಗೀಕರಿಸಲಾಯಿತು.’ ಕಾಗದ ಹಿಂದಿನ ದಿನ ಮಧ್ಯಾಹ್ನವೇ ತಯಾರಾಗಿತ್ತೆಂದು ಪಕ್ಕದ ಸದಸ್ಯರು ನಕ್ಕು ಹೇಳಿದರು. ಕಚೇರಿಯಲ್ಲಿ ಅವರನ್ನು ಜ್ಯೋತಿಷಿಗಳು ಎಂದು ಕರೆಯುತ್ತಿದ್ದುದರ ಅರ್ಥ ನನಗೆ ಆಗ ತಿಳಿಯಿತು.

ಅವರ ವಿದ್ಯೆಯ ಗುಟ್ಟು ಗೊತ್ತಾದದ್ದು ಇನ್ನೊಂದು ದಿನ. ಬಸ್ಸು ಬೇಗ ಸಿಕ್ಕಿತೆಂದು ಒಂದು ಗಂಟೆ ಮುಂಚೆ ಸಭಾಂಗಣಕ್ಕೆ ಹೋದೆ. ಖಾಲಿ ಕೋಣೆಯಲ್ಲಿ ಅವರು ಒಂದೊಂದೇ ಕುರ್ಚಿಯಲ್ಲಿ ಕೂತು ಏಳುತ್ತಿದ್ದರು. ಅಭಿಯಂತರರ ಕುರ್ಚಿಯಲ್ಲಿ ಹೊಟ್ಟೆ ಮುಂದೆ ಮಾಡಿ ಗೊಣಗಿದರು; ಪಾಲಿಕೆ ಸದಸ್ಯರ ಕುರ್ಚಿಯಲ್ಲಿ ಕಾಲು ಅಲ್ಲಾಡಿಸಿದರು. ನನ್ನ ಕುರ್ಚಿಗೆ ಬಂದಾಗ ಬೆನ್ನು ನೆಟ್ಟಗಾಯಿತು, ಇಲ್ಲದ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, “ಇದನ್ನು ನಾನು ಒಪ್ಪಲಾರೆ” ಎಂದರು. ನನ್ನ ದನಿಯೇ.

“ಏನ್ರೀ ಇದು?” ಎಂದೆ.

ಅವರು ನಾಚಲಿಲ್ಲ. “ಅವರವರ ಕುರ್ಚೀಲಿ ಕೂತ್ರೆ ಅವರವರ ಮಾತು ಬರುತ್ತೆ, ಮೇಡಂ.”

“ನನ್ನದು ಬಂತಾ?”

“ನಿಮ್ಮದು ಸುಲಭ. ಮನಸ್ಸಲ್ಲಿ ಇರೋದನ್ನೇ ಹೇಳ್ತೀರಿ. ತಲೆನೋವು ಅಂದ್ರೆ ಅಧ್ಯಕ್ಷರದ್ದು. ಅವರು ಏನೂ ಹೇಳೋದಿಲ್ಲ, ಅದನ್ನ ಬರೀಬೇಕು.”

ಹಳೆಯ ಪಂಪುಮನೆಯ ಹಿಂದಿನ ಎರಡು ಎಕರೆ ಜಾಗದ ಹಗರಣದಲ್ಲಿ ಈ ವಿದ್ಯೆ ನನ್ನ ಕೊರಳಿಗೇ ಉರುಳಾಗಿ ಬಂತು. ಅಲ್ಲಿ ನೀರು ಬಿಡುವ ಹಂಗಾಮಿ ನೌಕರರ ಮೂವತ್ತೆರಡು ಮನೆಗಳಿದ್ದವು. ಮೂವತ್ತು ವರ್ಷದ ಹಿಂದೆ ಯಾವನೋ ಅಧಿಕಾರಿ ಬಾಯಿಮಾತಿನಲ್ಲಿ ‘ಕಟ್ಟಿಕೊಳ್ಳಿ’ ಎಂದಿದ್ದನಷ್ಟೆ, ಹಕ್ಕುಪತ್ರವಿರಲಿಲ್ಲ. ಆಗಿನ ಅಧ್ಯಕ್ಷರ ಭಾವಮೈದುನನಿಗೆ ಅಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ ಬೇಕಾಯಿತು. ಒಂದೇ ಬೆಳಿಗ್ಗೆ ಯಂತ್ರಗಳು ಬಂದು ಮನೆಗಳನ್ನು ನೆಲಸಮ ಮಾಡಿದವು. ಪತ್ರಿಕೆಗಳು ಕೂಗಾಡಿದಾಗ ಅಧ್ಯಕ್ಷರು ಒಂದು ನಡಾವಳಿಯನ್ನು ಹೊರಗೆ ತೆಗೆದರು: ಜಾಗ ಮೊದಲಿನಿಂದಲೂ ಖಾಲಿ, ತಜ್ಞ ಸದಸ್ಯೆ ಖುದ್ದು ನೋಡಿ ದೃಢಪಡಿಸಿದ್ದಾರೆ.

ಆ ತಜ್ಞ ಸದಸ್ಯೆ ನಾನು. ಅಂಥ ಸಭೆಯೇ ನಡೆದಿರಲಿಲ್ಲ. ಆದರೆ ಹಾಜರಿ ಹಾಳೆಯ ಮೇಲಿನ ಸಹಿ ನನ್ನದೇ. ಹಿಂದಿನ ಸಭೆಯ ದಿನ, “ಮುಂದಿನದಕ್ಕೂ ಈಗಲೇ ಹಾಕ್ಬಿಡಿ ಮೇಡಂ, ಎಲ್ಲರೂ ಹಾಕ್ತಾರೆ” ಎಂದು ಕಾರ್ಯದರ್ಶಿ ಹಾಳೆ ತಿರುವಿದ್ದರು, ನಾನು ಬಸ್ಸಿನ ಆತುರದಲ್ಲಿ ಹಾಕಿದ್ದೆ. ಪರೀಕ್ಷೆಯಲ್ಲಿ ಓದದೆ ಉತ್ತರ ಬರೆದವರನ್ನು ಜೀವಮಾನವಿಡೀ ಫೇಲು ಮಾಡಿದವಳು ನಾನು. ಸಹಿಗಿಂತ ಹೆಚ್ಚು ನನ್ನನ್ನು ನಡುಗಿಸಿದ್ದು ನನ್ನ ಬಾಯಲ್ಲಿ ತುರುಕಿದ್ದ ಮಾತು. ಪತ್ರಿಕೆಯಲ್ಲಿ ಅಚ್ಚಾಗಿದ್ದ ಅದನ್ನು ನನ್ನ ತಂಗಿ ಎರಡು ಸಲ ಓದಿದಳು.

“ಅಕ್ಕಾ, ನೀನು ಹೇಳಿಲ್ಲ ಅಂತೀಯ. ಆದ್ರೆ ಇದು ನಿನ್ನ ಮಾತೇ ಅಲ್ವೇನೇ?”

ಹೌದು, ಅದೇ ಓಟ, ಅದೇ ಒಗರು. ಅರೆಕ್ಷಣ ನಾನೇ ಹೇಳಿದ್ದೆನೇನೋ ಎನ್ನಿಸಿತು. ಸುಳ್ಳು ಹೇಳುವವರನ್ನು ಬಹಳ ಕಂಡಿದ್ದೇನೆ. ನನ್ನ ಸುಳ್ಳನ್ನು ನನ್ನದೇ ಶೈಲಿಯಲ್ಲಿ ಬರೆದುಕೊಟ್ಟವರು ಅವರೊಬ್ಬರೇ. ಕೋಪ ಬರುವ ಮೊದಲು ಬಂದದ್ದು ಬೆರಗು, ಒಪ್ಪಿಕೊಳ್ಳುತ್ತೇನೆ.

ವಿಚಾರಣೆಗೆ ನಿವೃತ್ತ ನ್ಯಾಯಾಧೀಶರೊಬ್ಬರು ಬಂದರು. ಶೀಘ್ರಲಿಪಿಕಾರರು ಸಿಗದೆ, ಅದರ ದಾಖಲೆ ಬರೆಯುವ ಕೆಲಸವೂ ಈ ಕಾರ್ಯದರ್ಶಿಗೇ ಬಿತ್ತು. ನಾನು ಕೂತಲ್ಲಿಂದಲೇ ಕಾಣುತ್ತಿತ್ತು: ಅವರ ಮುಂದೆ ಟೈಪಾದ ಹಾಳೆಗಳು ಆಗಲೇ ಸಿದ್ಧವಾಗಿದ್ದವು.

“ಮೇಡಂ ನಮಗೆಲ್ಲ ತಾಯಿ ಇದ್ದ ಹಾಗೆ,” ಎಂದರು ಅಧ್ಯಕ್ಷರು. “ವಯಸ್ಸಾಯ್ತು, ಮರೆವು ಸಹಜ.”

“ನಿಮ್ಮಂಥ ಮಗ ಇದ್ದಿದ್ರೆ ಮರೆಯೋದಕ್ಕೇ ಪ್ರಯತ್ನ ಪಡ್ತಿದ್ದೆ,” ಎಂದೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ಪಂಪುಮನೆಯ ಜನ ನಕ್ಕರು.

ನ್ಯಾಯಾಧೀಶರು ಕಾರ್ಯದರ್ಶಿಯತ್ತ ತಿರುಗಿದರು. “ಆ ದಿನ ಸಭೆ ನಡೀತೇನ್ರೀ?”

“ಆಗಿದೆ ಅಂತಾನೇ ಇಟ್ಕೊಳ್ಳಿ, ಸ್ವಾಮಿ.”

ಈ ಬಾರಿ ಯಾರೂ ನಗಲಿಲ್ಲ. ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು ಪಂಪುಮನೆಯವರಿಗೆ ಹೇಳಿದರು: “ಅಲ್ಲಿ ಮನೆ ಇತ್ತು ಅನ್ನೋದಕ್ಕೆ ನಿಮ್ಮ ಹತ್ರ ಕಾಗದ ಇಲ್ಲ. ನಾನು ಹೋಗಿ ನೋಡಿದ್ರೆ ಬಯಲು. ಈ ದಾಖಲೇಲಿ ಏನು ಬರುತ್ತೋ ಅಷ್ಟನ್ನೇ ಸರ್ಕಾರಕ್ಕೆ ಕಳಿಸೋಕಾಗೋದು. ಇದರಲ್ಲಿ ಹೆಸರು ಬಂದವರಿಗೆ ಬದಲಿ ಮನೆ ಕೇಳಬಹುದು. ಬರದಿದ್ರೆ ಇಲ್ಲ.”

ನಗರಗಳನ್ನು ಕಟ್ಟುವವರು ಮಂತ್ರಿಗಳು, ಬಂಡವಾಳಗಾರರು ಎಂದು ನಾವು ತಿಳಿದಿರುತ್ತೇವೆ. ಕಲ್ಲಿನ ಮೇಲೆ ಕೆತ್ತುವುದೂ ಅವರ ಹೆಸರನ್ನೇ. ಆದರೆ ಇಂಥವರೊಬ್ಬರು ಬರೆಯುವ ತನಕ ಒಂದು ಇಟ್ಟಿಗೆಯೂ ಅಲುಗುವುದಿಲ್ಲ. ಅವರು ಆಸೆಬುರುಕರಲ್ಲ, ಕ್ರೂರಿಗಳೂ ಅಲ್ಲ. ತಮ್ಮ ಕೈಚಳಕಕ್ಕೆ ಕೆಲಸ ಸಿಕ್ಕರೆ ಸಾಕು, ಯಾರ ಕೆಲಸವೆಂದು ಕೇಳುವುದಿಲ್ಲ. ಪ್ರತಿಯೊಂದು ಕಚೇರಿಯಲ್ಲೂ ಇಂಥ ಒಬ್ಬರಿರುತ್ತಾರೆ. ನಾಡಿನ ಅತಿ ಸೂಕ್ಷ್ಮವಾದ ಬುದ್ಧಿ ಅಲ್ಲೇ ಸವೆಯುತ್ತದೆ. ಅವರಿಂದ ಏನನ್ನೂ ನಿರೀಕ್ಷಿಸಬಾರದೆಂದು ಆ ಕ್ಷಣದಲ್ಲಿ ನಾನು ಖಚಿತವಾಗಿ ನಂಬಿದ್ದೆ.

ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಪಂಪು ನಡೆಸುವವನ ಹೆಂಡತಿ. ಇನ್ನೊಬ್ಬರ ಮನೆಗೆಲಸದಿಂದ ಒಂದು ಗಂಟೆ ರಜ ಕೇಳಿಕೊಂಡು ಬಂದಿದ್ದಳು.

“ಸಾರ್, ನೀವು ಎಲ್ಲಾನೂ ಮುಂಚೇನೇ ಬರೀತೀರಂತೆ,” ಎಂದಳು ಕಾರ್ಯದರ್ಶಿಗೆ. “ನಾನು ಏನು ಹೇಳಿದೀನಿ ಅಂತ ಓದಿ ಹೇಳಿ. ಕೇಳ್ಕೊಂಡು ಹೋಗ್ತೀನಿ. ಹೊತ್ತಾಯ್ತು.”

ಅವರು ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಕೊನೆಯ ಪುಟದಲ್ಲಿ ಬೆರಳು ನಿಂತಿತು. ‘ಸಾರ್ವಜನಿಕರಲ್ಲಿ ಕೆಲವರು ಅಸಮಾಧಾನ ವ್ಯಕ್ತಪಡಿಸಿದರು’ ಎಂಬ ಒಂದು ಸಾಲು ಅಲ್ಲಿದ್ದುದನ್ನು ನಾನು ಆಮೇಲೆ ನೋಡಿದೆ. ಅವರು ಅದನ್ನು ಓದಲಿಲ್ಲ. ಅಧ್ಯಕ್ಷರು ಕೆಮ್ಮಿದರು, ಮತ್ತೊಮ್ಮೆ, ಜೋರಾಗಿ ಕೆಮ್ಮಿದರು. ಕಾರ್ಯದರ್ಶಿ ಟೈಪಾದ ಹಾಳೆಗಳನ್ನು ಬೋರಲಾಗಿಟ್ಟು, ಒಂದು ಬಿಳಿ ಹಾಳೆ ತೆಗೆದುಕೊಂಡು, ಎಲ್ಲರ ಮುಂದೆ ಕೋಣೆಯ ನಡುವೆ ನಡೆದು ಆ ಹೆಂಗಸಿನ ಹತ್ತಿರ ಹೋದರು.

“ಮೊದಲನೇ ಮನೆ ಯಾರದ್ದು ತಾಯಿ? ಒಳಗೆ ಎಷ್ಟು ಜನ ಇದ್ರು?” ಎಂದರು. “ನಿಧಾನಕ್ಕೆ ಹೇಳಿ. ನನಗೆ ಗೊತ್ತಿಲ್ಲ.”