ಉಣಕಲ್ ಸೈಟಿನ ಕೆಲಸ ಮುಗಿಯಲಿಲ್ಲ

ನಾನು ಒಂದು ಕ್ಯಾಲೆಂಡರ್. ಗೋಡೆಗೆ ಮೊಳೆ ಹೊಡೆದು ತೂಗುಹಾಕುವ, ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಸುತ್ತು ಹಾಕಿಸಿಕೊಳ್ಳುವ ಬಡಪಾಯಿ ಜಾತಿಯವನಲ್ಲ. ಯೋಜನೆ ನಡೆಸುವ ಒಂದು ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಕುಳಿತು ಇಪ್ಪತ್ಮೂರು ಜನರ ಹಗಲನ್ನು ಹಂಚಿಕೊಡುತ್ತಿದ್ದವನು. ಹುಬ್ಬಳ್ಳಿಯ ಮೇಲೆ ಸೂರ್ಯ ತಾನಾಗಿಯೇ ಹುಟ್ಟುತ್ತಾನೆಂದು ಜನ ನಂಬಿದ್ದಾರೆ. ಸುಳ್ಳು. ನಾನು ಒಂಬತ್ತು ಗಂಟೆ ತೋರಿಸಿದ ಮೇಲೆಯೇ ಅಲ್ಲಿ ಬೆಳಗಾಗುತ್ತಿತ್ತು.

ನಾನು ಹುಟ್ಟಿದ್ದು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ಯಲಿಗಾರ ಲಿಫ್ಟ್ ಕಂಪನಿಯ ಮೂರನೇ ಮಹಡಿಯಲ್ಲಿ. ಊರೂರಿಗೆ ಲಿಫ್ಟ್ ಕೂರಿಸುವ ಆ ಕಂಪನಿಗೆ ಸ್ವಂತಕ್ಕೊಂದು ಲಿಫ್ಟ್ ಇರಲಿಲ್ಲ. ಎಲ್ಲರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದರು. ನನ್ನನ್ನು ಹೆತ್ತವಳು ಸುವರ್ಣಾ ಕಟಗೇರಿ. ಯಾವ ಊರಿಗೆ ಯಾರು, ಯಾವ ದಿನ ಹೋಗಬೇಕೆಂದು ಗೊತ್ತುಮಾಡುವುದು ಆಕೆಯ ಕೆಲಸ. ನನಗಿಂತ ಮುಂಚೆ ಅಲ್ಲೊಂದು ಬಿಳಿ ಹಲಗೆ ಇತ್ತಂತೆ. ಯಾರಾದರೂ ಅದಕ್ಕೆ ಒರಗಿದರೆ ಒಂದು ವಾರವೇ ಅವರ ಅಂಗಿಗೆ ಅಂಟಿಕೊಂಡು ಹೋಗುತ್ತಿತ್ತು. ಹಾಗೆ ಒಮ್ಮೆ ರಾಣೆಬೆನ್ನೂರಿನ ಇಡೀ ಕೆಲಸ ಒಬ್ಬರ ಬೆನ್ನೇರಿ ಮನೆಗೆ ಹೋಗಿ ಬಕೆಟ್ಟಿನಲ್ಲಿ ನೆನೆಯಿತು. ಮರುದಿನ ಸುವರ್ಣಾ ಒಂದು ಗುಂಡಿ ಒತ್ತಿದಳು, ನಾನು ಹುಟ್ಟಿದೆ. ಹುಟ್ಟುವಾಗಲೇ ನನ್ನ ಮೈತುಂಬ ಮುಂದಿನ ನೂರು ವರ್ಷದ ತಾರೀಖುಗಳು. ಯಾವ ಕೂಸು ಹಾಗೆ ಹುಟ್ಟಿದೆ ಹೇಳಿ.

ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟಳು. ಯಾರದೋ ಒಂದು ಚೌಕವನ್ನು ಆಕೆ ಬೆರಳ ತುದಿಯಿಂದ ಆಚೆ ಸರಿಸಿದರೆ ಸಾಕು, ಇಪ್ಪತ್ಮೂರು ಮೊಬೈಲುಗಳು ಒಟ್ಟಿಗೆ ಕಿಣಿಕ್ ಎನ್ನುತ್ತಿದ್ದವು. ಬಾಗಲಕೋಟೆಯಲ್ಲಿ ಏಣಿಯ ಮೇಲಿದ್ದವನು, ಹಾವೇರಿಯಲ್ಲಿ ಮಿರ್ಚಿ ತಿನ್ನುತ್ತಿದ್ದವನು, ಎಲ್ಲರೂ ಒಂದೇ ಕ್ಷಣ ನನ್ನನ್ನು ತೆರೆದು ನೋಡುತ್ತಿದ್ದರು. ತೆರೆದವರ ಮುಖ ನನಗೆ ಕಾಣುತ್ತದೆ, ಮಾತು ಕೇಳುತ್ತದೆ. ನನ್ನಂಥವನಿಗೆ ಅಷ್ಟು ಶಕ್ತಿಯೂ ಇರಬಾರದೇ?

ಇನ್ನು ಮಾಲೀಕರು, ಮಹಾರುದ್ರಪ್ಪ ಯಲಿಗಾರರು. ಅವರಿಗೆ ನನ್ನಲ್ಲಿ ಒಂದೇ ಒಂದು ಬಣ್ಣ ಸೇರುತ್ತಿರಲಿಲ್ಲ. ರಜೆಗೆಂದು ಸುವರ್ಣಾ ಇಟ್ಟಿದ್ದ ಹಳದಿ. “ಏನವಾ ಇದು, ನನ್ನ ಕಂಪನಿಗೆ ಕಾಮಾಲಿ ಆಗೇತೇನು? ತಗದ ಹಾಕು” ಎಂದರು. ಹಳದಿ ಹೋಯಿತು. ಆದರೆ ಜನಕ್ಕೆ ಜ್ವರ ಬರುವುದು, ಭಾವಮೈದುನನ ಮದುವೆ ಬರುವುದು ನಿಲ್ಲಲಿಲ್ಲ. ಆಗ ಆಫೀಸಿನವರು ಒಂದು ಉಪಾಯ ಕಂಡುಕೊಂಡರು. ರಜೆ ಬೇಕಾದವರ ಚೌಕದಲ್ಲಿ ‘ಉಣಕಲ್ ಸೈಟ್’ ಎಂದು ಬರೆಯುವುದು. ಹುಬ್ಬಳ್ಳಿಯಂಚಿನ ಕೆರೆದಂಡೆಯ ಆ ಉಣಕಲ್‌ನಲ್ಲಿ ಕಂಪನಿಗೆ ಯಾವ ಸೈಟೂ ಇರಲಿಲ್ಲ. ಅದು ಮಾಲೀಕರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನಾಲ್ಕು ವರ್ಷ ಆ ಇಲ್ಲದ ಕಟ್ಟಡದಲ್ಲಿ ದುಡಿದೆವು. ಅಲ್ಲಿಗೆ ಹೋದ ದಿನಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಲಿಫ್ಟು ಚಂದ್ರನನ್ನು ದಾಟಿ ಮಂಗಳನ ಬಾಗಿಲು ಬಡಿಯುತ್ತಿತ್ತು. ಮಾಲೀಕರು ಮಾತ್ರ ಆಗೀಗ, “ಉಣಕಲ್‌ದು ಎಷ್ಟ ಅಂತಸ್ತಿಗೆ ಬಂತು?” ಎಂದು ಕೇಳುವರು. “ನಡದೈತ್ರಿ ಸಾಹೇಬ್ರ” ಎಂದು ಸುವರ್ಣಾ ತಲೆ ಎತ್ತದೆ ಹೇಳುವಳು. ನಾನು ಒಳಗೊಳಗೇ ನಗುತ್ತಿದ್ದೆ. ಸುಳ್ಳನ್ನು ಅಷ್ಟು ನೀಟಾಗಿ, ಗೆರೆ ಕೊರೆದ ಹಾಗೆ ಹೊತ್ತವರು ಮೂರು ಲೋಕದಲ್ಲಿ ಇನ್ನಾರಿದ್ದಾರೆ?

ಈಗ ಫಕ್ಕೀರೇಶ ಹೊಂಬಳನ ವಿಷಯ. ಲಿಫ್ಟ್ ಕೂರಿಸಿದ ಮೇಲೆ ಕೊನೆಗೆ ಅದರ ಬ್ರೇಕ್ ಪರೀಕ್ಷಿಸಿ ಸಹಿ ಹಾಕುವವನು ಅವನೊಬ್ಬನೇ. ಅವನ ಮಗಳು ನೀಲವ್ವನಿಗೆ ಮೂರು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲೇ ಆಪರೇಷನ್ ಮಾಡಿ ಕಿವಿಯ ಒಳಗೆ ಒಂದು ಯಂತ್ರ ಇಟ್ಟಿದ್ದರು. ಅದಕ್ಕೆ ಚಾಲನೆ ಕೊಡುವುದು ಮಾರ್ಚ್ ಹದಿನೇಳು, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ. ಆ ಕೆಲಸದ ತಜ್ಞರು ಬರುವುದು ತಿಂಗಳಿಗೆ ಒಂದೇ ದಿನ.

“ಮೇಡಂ, ಹದಿನೇಳಕ್ಕ ನಂದೊಂದು ಉಣಕಲ್ ಹಾಕ್ರಿ” ಎಂದು ಅವನು ಒಂದು ತಿಂಗಳ ಮುಂಚೆಯೇ ಬಂದು ನಿಂತ.

“ಹಾಕೇನಿ. ಅವತ್ತ ಏನ್ ಮಾಡ್ತಾರ?”

“ಮಿಶಿನ್ ಚಾಲೂ ಮಾಡ್ತಾರ್ರಿ. ಚಾಲೂ ಆದಕೂಡ್ಲೆ ಮೊದಲ ನಾನಾ ಕರೀಬೇಕು ಆಕಿನ್ನ. ನೀಲವ್ವಾ ಅಂತ. ನಮ್ಮಾಕಿಗೂ ಹೇಳೇನಿ, ನೀ ಬಾಯಿ ಮುಚ್ಚಕೊಂಡ ಕುಂದರು ಅಂತ.”

ಸುವರ್ಣಾ ನಕ್ಕು ಚೌಕ ತುಂಬಿದಳು. ಫಕ್ಕೀರೇಶ, ಉಣಕಲ್ ಸೈಟ್, ಇಡೀ ದಿನ.

ಅದೇ ಹೊತ್ತಿಗೆ ಗದಗಿನಲ್ಲಿ ನಮ್ಮ ದೊಡ್ಡ ಕೆಲಸ ನಡೆದಿತ್ತು. ಐದು ಅಂತಸ್ತಿನ ಸೀರೆ ಅಂಗಡಿ, ಯುಗಾದಿಗೆ ಮುಂಚಿನ ಭಾನುವಾರ ಉದ್ಘಾಟನೆ. ನನ್ನ ಪ್ರಕಾರ ಬ್ರೇಕ್ ಪರೀಕ್ಷೆ ಹದಿನೈದನೇ ತಾರೀಖು ಬುಧವಾರವೇ ಮುಗಿಯುತ್ತಿತ್ತು. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಹಾವೇರಿಯಲ್ಲಿ ಒಂದು ಘಟನೆ ನಡೆಯಿತು. ಹೊಸ ಲಿಫ್ಟಿಗೆ ಪೂಜೆ ಮಾಡಿ ಮಾಲೀಕರೇ ಗುಂಡಿ ಒತ್ತಿದರು. ಅದು ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ ನಿಂತಿತು. ಒಳಗಿದ್ದವರು ಪೂಜೆ ಮಾಡಿದ ಆಚಾರ್ಯರು, ಅವರ ಕೈಯಲ್ಲಿ ಉರಿಯುವ ಆರತಿ. ಮುಕ್ಕಾಲು ಗಂಟೆಯ ಮೇಲೆ ಹೊರಬಂದ ಆಚಾರ್ಯರು ಮೊದಲು ಗಡಿಯಾರ ನೋಡಿ, ಆಮೇಲೆ ಮಾಲೀಕರನ್ನು ನೋಡಿ, “ರಾಹುಕಾಲದಾಗ ಒತ್ತೀರಲ್ರಿ ಯಜಮಾನ್ರ” ಎಂದರು.

ಮರುದಿನವೇ ಅಪ್ಪಣೆಯಾಯಿತು. ರಾಹುಕಾಲದಲ್ಲಿ ಕಂಪನಿಯ ಯಾರೂ ಯಾವ ಸೈಟಿನಲ್ಲೂ ಪಾನಾ ಹಿಡಿದು ನಟ್ಟು ತಿರುಗಿಸಕೂಡದು. ಸುವರ್ಣಾ ಅದನ್ನು ನನ್ನ ಬುಡಕ್ಕೇ ಹಾಕಿದಳು. ವಾರದ ಪ್ರತಿ ದಿನ ಒಂದೂವರೆ ಗಂಟೆ ‘ಕೆಲಸವಿಲ್ಲದ ಸಮಯ’. ಅಷ್ಟಕ್ಕೂ ನನ್ನ ಮೈಮೇಲೆ ಬೂದು ಪಟ್ಟಿ ಬಿತ್ತು. ಸೋಮವಾರದ ರಾಹು ಮಾತ್ರ ಆಫೀಸು ತೆರೆಯುವ ಮುಂಚೆಯೇ ಬಂದು ಹೋಗುತ್ತಿದ್ದ. ಉಳಿದ ದಿನ ಕೆಲಸದ ನಡುವೆಯೇ ಬಂದು ಕೂರುತ್ತಿದ್ದ.

ಇಲ್ಲಿ ನನ್ನ ಪ್ರತಾಪ ನೋಡಿ. ಬೂದು ಪಟ್ಟಿ ಬಿದ್ದ ಕ್ಷಣವೇ ನೂರಾರು ಚೌಕಗಳನ್ನು ಕಣ್ಣು ಮಿಟುಕಿಸುವುದರೊಳಗೆ ಜರುಗಿಸಿದೆ. ಊಟದ ಹೊತ್ತನ್ನು ಕಳೆದು ಎರಡು ವಾರದಲ್ಲಿ ಹದಿಮೂರು ಗಂಟೆ ರಾಹುವಿನ ಬಾಯಿಗೆ ಹೋದವು. ಒಂದರ ಹಿಂದೆ ಒಂದಾಗಿ ಗದಗಿನ ಕೆಲಸಗಳೆಲ್ಲ ಮುಂದಕ್ಕೆ ಸರಿದು, ಬುಧವಾರದ ಬ್ರೇಕ್ ಪರೀಕ್ಷೆ ಶುಕ್ರವಾರ ಹದಿನೇಳಕ್ಕೆ ಬಂದು ನಿಂತಿತು. ಒಂದು ನಿಮಿಷದ ತಪ್ಪಿಲ್ಲ. ಬ್ರಹ್ಮ ಬಂದು ಕೂಡಿಸಿ ಕಳೆದರೂ ಅದೇ ಉತ್ತರ.

ಫಕ್ಕೀರೇಶನ ಚೌಕಕ್ಕೆ ಕೆಂಪು ಅಂಚು ಮೂಡಿತು. ಒಂದೇ ದಿನ, ಒಬ್ಬನೇ ಮನುಷ್ಯ, ಎರಡು ಕೆಲಸ. ನಾನು ಎಚ್ಚರಿಕೆ ಕೊಟ್ಟೆ. ಆದರೆ ಆ ವಾರ ನನ್ನ ಮೈತುಂಬ ಕೆಂಪು ಅಂಚುಗಳೇ. ಎಲ್ಲವನ್ನೂ ಬಿಡಿಸುತ್ತ ಬಿಡಿಸುತ್ತ ಸುವರ್ಣಾ ಅವನ ಚೌಕಕ್ಕೆ ಬರುವಷ್ಟರಲ್ಲಿ ಬುಧವಾರ ಮಧ್ಯಾಹ್ನವಾಗಿತ್ತು. ಮಾಲೀಕರು ಆಕೆಯ ಬೆನ್ನ ಹಿಂದೆಯೇ ನಿಂತಿದ್ದರು. ಸಾಮಾನು ಒಯ್ಯಲು ಬಂದಿದ್ದ ಫಕ್ಕೀರೇಶ ಬಾಗಿಲಲ್ಲಿದ್ದ.

“ಶುಕ್ರವಾರ ಗದಗಿಗೆ ಇವನ್ನ ಕಳಸು” ಎಂದರು ಮಾಲೀಕರು.

“ಅವತ್ತ ಅವರದು ಉಣಕಲ್ ಐತ್ರಿ.”

“ಉಣಕಲ್ ನಾಕ ವರ್ಷದಿಂದ ನಡದೈತಿ. ಒಂದಿನ ತಡ ಆದ್ರ ಏನೂ ಮುಳುಗಂಗಿಲ್ಲ.”

“ರಾಹುಕಾಲ ಗದಗಿಗೆ ಅಷ್ಟ ತಗದ್ರ, ನಾಳೆನ ಮುಗೀತೈತ್ರಿ ಸಾಹೇಬ್ರ.”

“ಅದಕ್ಕ ಕೈ ಹಚ್ಚಬ್ಯಾಡ. ಇನ್ನೊಬ್ಬ ಆಚಾರ್ರು ಸಿಕ್ಕೊಂಡ್ರ ನೀ ಇಳಸ್ತೀಯೇನು?”

ಸುವರ್ಣಾ ಬಾಗಿಲ ಕಡೆ ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಒಂದು ಮಾತಿಗೆ ನಾಲ್ಕು ವರ್ಷದ ಉಣಕಲ್ ಇಡಿಯಾಗಿ ಕುಸಿಯುತ್ತಿತ್ತು, ಒಳಗೆ ಇಪ್ಪತ್ಮೂರು ಜನರಿದ್ದರು. ಆಕೆಯ ಬಾಯಿ ಅರ್ಧ ತೆರೆದಿದ್ದು ಕಂಡಿತು. ಫಕ್ಕೀರೇಶ ಬೇಡವೆಂದು ಸಣ್ಣಗೆ ತಲೆಯಾಡಿಸಿದ. ಮಾಲೀಕರು ಹೋದ ಮೇಲೆ ಹತ್ತಿರ ಬಂದು, “ಬ್ಯಾಡ್ರಿ ಮೇಡಂ. ನನ್ನ ಒಂದ ದಿನದ ಸಲುವಾಗಿ ಎಲ್ಲಾರದೂ ಹೊರಗ ಬೀಳತೈತಿ. ಮುಂದಿನ ತಿಂಗಳ ಅಂದ್ರ ಕೂಸಿಗೆ ಇನ್ನೊಂದ ತಿಂಗಳ ಕೇಳಂಗಿಲ್ಲ. ನಮ್ಮಾಕಿ ಕರಕೊಂಡ ಹೋಗ್ತಾಳ” ಎಂದ. ಸುವರ್ಣಾ ಅವನ ಉಣಕಲ್ ಅಳಿಸಿ ಗದಗ ಎಂದು ಬರೆದಳು. ಇಪ್ಪತ್ಮೂರು ಮೊಬೈಲು ಕಿಣಿಕ್ ಎಂದವು. ನನಗೇನೂ ಅನ್ನಿಸಲಿಲ್ಲ. ಚೌಕ ಚೆನ್ನಾಗಿಯೇ ಕೂತಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಗದಗಿನಲ್ಲಿ ಕೆಲಸ ಹಿಡಿದ. ಹತ್ತೂವರೆಗೆ ಎಲ್ಲರೂ ಪಾನಾ ಕೆಳಗಿಟ್ಟರು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಉಳಿದವರು ಚಹಾಕ್ಕೆ ಹೋದರು. ಫಕ್ಕೀರೇಶ ಬೋರಲು ಹಾಕಿದ ಪೇಂಟಿನ ಡಬ್ಬಿಯ ಮೇಲೆ ಕುಳಿತು ಹೆಂಡತಿಗೆ ಫೋನು ಮಾಡಿದ. “ಒಳಗ ಫೋನ್ ಬ್ಯಾಡ ಅಂದಾರ್ರಿ, ಬಂದ್ ಮಾಡಾಕತ್ತೇನಿ” ಎಂದಳು ಆಕೆ. ಫೋನು ಬಂದಾಯಿತು.

ಆಮೇಲೆ ಅವನು ನನ್ನನ್ನು ತೆರೆದ. ಯಾಕೋ ತಿಳಿಯದು. ಶುಕ್ರವಾರದ ಪುಟ. ಹತ್ತೂವರೆಯಿಂದ ಹನ್ನೆರಡರವರೆಗೆ ಬೂದು ಪಟ್ಟಿ, ‘ಕೆಲಸವಿಲ್ಲದ ಸಮಯ’. ಹನ್ನೊಂದಾಯಿತು. ಹನ್ನೊಂದೂ ಹತ್ತಾಯಿತು. ಪರದೆ ಆರಿದಾಗಲೆಲ್ಲ ಹೆಬ್ಬೆರಳಿನಿಂದ ಒತ್ತಿ ಮತ್ತೆ ಬೆಳಗಿಸುತ್ತಿದ್ದ. ಹುಬ್ಬಳ್ಳಿಯ ಆ ಕೋಣೆಯಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲ. ಎಲ್ಲವನ್ನೂ ಕಂಡೆನೆಂದು ಕೊಚ್ಚಿಕೊಳ್ಳುವುದು ನನ್ನ ರೂಢಿ, ಆದರೆ ಅಲ್ಲಿ ನಾನಿರಲಿಲ್ಲ. ನಾನಿದ್ದದ್ದು ಗದಗಿನಲ್ಲಿ, ಅವನ ಅಂಗೈಯಲ್ಲಿ. ಹನ್ನೆರಡಕ್ಕೆ ಅವನು ಎದ್ದು ಬ್ರೇಕ್ ಪರೀಕ್ಷಿಸಿದ. ಬ್ರೇಕ್ ಸರಿಯಿತ್ತು.

ಸೋಮವಾರ ಸುವರ್ಣಾ ಕೇಳಿದಳು, “ಕೇಳಸ್ತೇನು ಫಕ್ಕೀರೇಶ?”

“ಕೇಳಸ್ತಂತ್ರಿ. ಡಾಕ್ಟರ್ ಒಂದ ಡಬ್ಬಿ ಬಾರಿಸಿದ್ರಂತ. ಅತ್ಲಂತ. ಆಮ್ಯಾಲ ತಲಿ ಎತ್ತಿ ಫ್ಯಾನ್ ನೋಡಿದ್ಲಂತ. ಫ್ಯಾನಿಗೂ ದನಿ ಐತಿ ಅಂತ ಆಕಿಗೆ ಗೊತ್ತಿದ್ದಿಲ್ಲಲ್ರಿ.”

“ನೀವು ಕರದ್ರೇನು?”

“ಸಂಜೀಕ ಹೋಗಿ ಕರದ್ನಿ. ಹೊಳ್ಳಿ ನೋಡ್ಲಿಲ್ಲ. ತನ್ನ ಹೆಸರು ಅಂತ ತಿಳಿಯಾಕ ದಿನಾ ಹಿಡೀತಾವಂತ.” ಅವನು ಚೀಲ ಹೆಗಲಿಗೇರಿಸಿ, “ರೋಣದ ಸೈಟಿನ ಸಾಮಾನು ಎಲ್ಲಿ ಅದಾವ್ರಿ?” ಎಂದು ಕೇಳಿದ.

ಅವನು ಹೋದ ಮೇಲೆ ಸುವರ್ಣಾ ಕಳೆದುಹೋದ ಶುಕ್ರವಾರಕ್ಕೆ ಹಿಂದಿರುಗಿ, ಗದಗಿನ ಚೌಕದ ಪಕ್ಕದಲ್ಲಿ ಒಂದು ಹೊಸ ಚೌಕ ಮಾಡಿದಳು. ‘ಫಕ್ಕೀರೇಶ, ರಜೆ, ಮಗಳ ಕಿವಿ.’ ಮುಗಿದ ದಿನಕ್ಕೆ ರಜೆ ಕೊಟ್ಟವರನ್ನು ನಾನು ಅದೇ ಮೊದಲು ಕಂಡದ್ದು. ಕಿಣಿಕ್ ಎಂದಿತು. ಒಳಕೋಣೆಯಿಂದ ಮಾಲೀಕರು ಮೊಬೈಲು ಹಿಡಿದು ಹೊರಗೆ ಬಂದರು.

“ಏನಿದು?”

“ಉಣಕಲ್‌ನಾಗ ನಮ್ಮದು ಯಾವ ಸೈಟೂ ಇಲ್ರಿ ಸಾಹೇಬ್ರ. ಯಾವತ್ತೂ ಇದ್ದಿದ್ದಿಲ್ಲ.”

ನಾನು ಭೂಕಂಪಕ್ಕೆ ಸಿದ್ಧನಾದೆ. ಏನೂ ಅಲುಗಲಿಲ್ಲ.

“ಗೊತ್ತೈತಿ” ಎಂದರು ಮಾಲೀಕರು. “ನಾ ಹುಟ್ಟಿದ್ದ ಉಣಕಲ್‌ನಾಗ. ಅಲ್ಲಿ ಯಾರ ಮನಿಗೆ ಎಷ್ಟ ಮೆಟ್ಲ ಅದಾವ ಅನ್ನೂದೂ ಗೊತ್ತೈತಿ. ಮಂದಿ ಅಡ್ಡಾಡಾಕ ಹೊಕ್ಕಾರ, ಹೋಗ್ಲಿ ಅಂತ ಬಿಟ್ಟಿದ್ನಿ. ರಜಾ ಅಂತ ಬರದಿದ್ರ ಯಾಕ ಅಂತಾದ್ರೂ ಕೇಳ್ತಿದ್ನಿ.”

“ಆ ಬಣ್ಣಾನ ನೀವಾ ತಗಿಸಿದ್ರಲ್ರಿ.”

ಅವರು ಮೊಬೈಲನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಮಧ್ಯಾಹ್ನ ಫೋನಿನಲ್ಲಿ, ಹಳದಿ ಬಣ್ಣ ಮತ್ತೆ ಹಾಕಬೇಕೆಂದು ತಿಳಿಸಿದರು. ಸುವರ್ಣಾ ಹಾಕಿದಳು. ಉಣಕಲ್ ಸೈಟಿಗೆ ಆಮೇಲೆ ಯಾರೂ ಹೋಗಲಿಲ್ಲ. ಯಾರೂ ಅದರ ಮಾತೂ ಎತ್ತಲಿಲ್ಲ.

ಮರುವರ್ಷ ಸುವರ್ಣಾ ಬೆಳಗಾವಿಯ ಬೇರೆ ಕಂಪನಿ ಸೇರಿದಳು. ಬಂದ ಹೊಸಬರು ನನ್ನಲ್ಲಿ ಮೂರು ತಿಂಗಳು ಕೈಯಾಡಿಸಿ, ನಾನು ನಿಧಾನವೆಂದು ಹೇಳಿ, ಹೊಸ ಸಾಫ್ಟ್‌ವೇರ್ ತಂದರು. ನಾನು ನಿಧಾನವಂತೆ! ಬೆಳಕು ನನ್ನ ಹತ್ತಿರ ಓಟ ಕಲಿಯಲು ಬರುತ್ತಿತ್ತು. ಇರಲಿ. ನನ್ನನ್ನು ಹಳೆಯ ಕಡತಗಳ ಮೂಲೆಗೆ ಸೇರಿಸಿ, ನೋಡಬಹುದು, ತಿದ್ದಲಾಗದು ಎಂದು ಬೀಗ ಹಾಕಿದ್ದಾರೆ. ಇಲ್ಲಿ ಕಿಣಿಕ್ ಸದ್ದಿಲ್ಲ. ನನ್ನಲ್ಲಿ ಇನ್ನೂ ತೊಂಬತ್ತೈದು ವರ್ಷದ ಖಾಲಿ ದಿನಗಳಿವೆ. ಎಲ್ಲದರಲ್ಲೂ ದಿನಕ್ಕೊಂದು ಬೂದು ಪಟ್ಟಿ. ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಹೋದ ಭಾನುವಾರ ಯಾರೋ ನನ್ನನ್ನು ತೆರೆದರು. ಫಕ್ಕೀರೇಶ. ಹೊಸ ಮೊಬೈಲಿಗೆ ಹಳೆಯದರಿಂದ ಏನೇನೋ ಸಾಗಿಸುತ್ತಿದ್ದ. ತೊಡೆಯ ಮೇಲೆ ಐದಾರು ವರ್ಷದ ಒಂದು ಹುಡುಗಿ, ಕಿವಿಯ ಹಿಂದೆ ಚಿಕ್ಕ ಯಂತ್ರ. ಅವನು ಪುಟ ಸರಿಸುತ್ತ ಸರಿಸುತ್ತ ಆ ಶುಕ್ರವಾರದಲ್ಲಿ ನಿಂತ. ಹುಡುಗಿ ಬೂದು ಪಟ್ಟಿಯ ಮೇಲೆ ಬೆರಳಿಟ್ಟಳು.

“ಅಪ್ಪಾ, ಇಲ್ಲಿ ಯಾಕ ಖಾಲಿ ಐತಿ?”

“ಅವತ್ತ ಆ ಹೊತ್ತಿನ್ಯಾಗ ನಾ ಖಾಲಿ ಇದ್ನವಾ.”

ಆಕೆ ಬೆರಳಿನಿಂದ ಪಟ್ಟಿಯನ್ನು ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು. ನನಗೆ ಬೀಗ ಹಾಕಿದೆ, ಅದು ಹೋಗಲಿಲ್ಲ.