ಜನನಿ ಹೊತ್ತ ಹರಕೆ

ಹೂವಿನವಳು ಮಲ್ಲಿಗೆಗೆ ಚಿಮುಕಿಸಿದ ನೀರು ಕರುವಿನ ಮೂತಿಗೂ ಸಿಡಿದು ಅದು ಬೆಚ್ಚಿ ರಸ್ತೆ ಮಧ್ಯದಲ್ಲೇ ನಿಂತುಬಿಟ್ಟಿತು, ಹಿಂದೆ ತೇನಿ ಬಸ್ಸಿನವನು ಹಾರನ್ ಒತ್ತಿದ್ದೇ ಒತ್ತಿದ್ದು, ಒತ್ತಿಕೊಳ್ಳಲಿ, ಕಂಬಂ ಊರಿಗೆಲ್ಲ ಅವಸರವಿದ್ದರೂ ಪಿಚ್ಚೈಯಮ್ಮಾಳಿಗಿಲ್ಲ, ಅವಳ ಕಾಲೇ ಮುಂದಕ್ಕೆ ಬರಲೊಲ್ಲದು — ನಡಿ ಕಣ್ಣೂ, ನಡಿ ನಡಿ — ಅಯ್ಯೋ, ಹೀಗೆ ಕರೆಯುತ್ತಿದ್ದವಳು ಜನನಿ, ಮಗಳ ಮಾತು ತಾಯಿಯ ಬಾಯಲ್ಲಿ ಬಂತು, ಕರು ಕಿವಿ ನಿಮಿರಿಸಿ ಅತ್ತ ಇತ್ತ ನೋಡಿತು, ಹುಡುಕುತ್ತಿದೆ ಪಾಪದ್ದು, ಅದರ ಶಾಲು ಅಗಿಯುವ ಚಟಕ್ಕೆ ಬೈಯುತ್ತಲೇ ಶಾಲು ಕೊಡುತ್ತಿದ್ದವಳನ್ನು ಹುಡುಕುತ್ತಿದೆ, ಪಿಚ್ಚೈಯಮ್ಮಾಳೂ ಹುಡುಕುತ್ತಾಳೆ, ಬೆಳಿಗ್ಗೆ ಕಾಪಿ ಸೋಸುವಾಗ ಮಗಳ ಲೋಟಕ್ಕೇ ಮೊದಲು ಕೈ ಹೋಗುತ್ತದೆ, ಹೋದ ಕೈಯನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೊರಡುವಾಗ ಗಂಡ ದುರೈ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತಿದ್ದ, ಯಾವ ಸಾಮಿಗೆ ಕೊಡಕ್ಕೆ ಹೊಂಟೆ ಪಿಚ್ಚೈ, ಮಗಳ್ನ ಕಿತ್ಕೊಂಡ ಸಾಮಿಗಾ, ಅವಳು ಸಾಕಿದ್ದು ಇದೊಂದೇ ಉಳ್ದಿರೋದು, ಇದ್ನೂ ಕೊಟ್ಟು ಬರೀ ಕೊಟ್ಟಿಗೆ ನೋಡ್ಕೊಂಡು ಕೂತ್ಕೋತೀಯಾ? ಪೂಜೆ ಗೂಡಿನ ಪಟಗಳನ್ನೆಲ್ಲ ಹಳೇ ವೇಷ್ಟಿಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದವನು ಅವನು, ಆದರೆ ಹೇಳಿದ ಮಾತಿನಲ್ಲಿ ಸುಳ್ಳೇನಿದೆ? ಸುಳ್ಳಿಲ್ಲ, ಆದರೂ ಮಾತು ಕೊಟ್ಟವಳು ಮಗಳು, ಹೋದ ವರ್ಷ ಹೊಟ್ಟೆಯ ಆಪರೇಷನ್ನಿಗೆ ಇವಳನ್ನು ಒಳಗೆ ಕರೆದೊಯ್ದಾಗ ಆಸ್ಪತ್ರೆ ವರಾಂಡದಲ್ಲಿ ಅತ್ತುಕೊಂಡು ಹರಕೆ ಹೊತ್ತಿದ್ದಳಂತೆ, ನಮ್ಮವ್ವ ನಡ್ಕೊಂಡು ಮನೆಗೆ ಬಂದ್ರೆ ಈ ಸಲದ ಕರು ತಂಬಿರಾನ್ ಸಾಮಿ ಮಂದೆಗೆ. ಅವ್ವ ನಡೆದುಕೊಂಡೇ ಬಂದಳು, ಕರುವೂ ಹುಟ್ಟಿತು, ಆಮೇಲೊಂದು ದಿನ ಇವಳು ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ಗೊಂಚಲಿನ ಹೆಚ್ಚಿನ ಕಾಯಿ ಕತ್ತರಿಸುತ್ತಿದ್ದಾಗ ಸ್ಕೂಲಿನಿಂದ ಫೋನು, ಜನನಿ ಟೀಚರ್ ಕ್ಲಾಸಲ್ಲೇ ಬಿದ್ದುಬಿಟ್ಟರು, ತಲೆಯೊಳಗೆ ನರ ಒಡೆದಿದೆ ಎಂದರು ಡಾಕ್ಟರು, ಮಗಳ ಬೆರಳಲ್ಲಿ ಇನ್ನೂ ಸೀಮೆಸುಣ್ಣದ ಪುಡಿ — ತಂಬಿರಾನೇ, ಒಂದು ಮಾತು ನನ್ನನ್ನು ಕೇಳಿದ್ದರೆ ಆಸ್ಪತ್ರೆ ಮಂಚದಿಂದ ಎದ್ದು ಕೂರುತ್ತಲೇ ಇರಲಿಲ್ಲವಲ್ಲೋ, ಉಳಿಸಿದ್ದು ಯಾರನ್ನ, ಒಯ್ದದ್ದು ಯಾರನ್ನ, ಕಣ್ಣಿದೆಯೋ ಇಲ್ಲವೋ ನಿನಗೆ? ಹೀಗೆ ದಿನಾ ಬೈಯುತ್ತಾಳೆ, ಬೈದು ಮುಗಿಸಿ ದೀಪ ಹಚ್ಚುತ್ತಾಳೆ, ಪಟವಿಲ್ಲದ ಖಾಲಿ ಗೂಡಿಗೇ ಹಚ್ಚುತ್ತಾಳೆ, ಜಗಳವಾಡುವುದಕ್ಕಾದರೂ ಒಬ್ಬ ಸಾಮಿ ಬೇಕಲ್ಲ, ಅವನೂ ಇಲ್ಲವೆಂದರೆ ಮಗಳು ಹೋದದ್ದಾದರೂ ಎಲ್ಲಿಗೆ?

ಅವರ ಜನಕ್ಕೆ ಆ ಮಂದೆಯೇ ಸಾಮಿ, ಅಲ್ಲಿಯ ದನಗಳನ್ನು ಕಟ್ಟುವಂತಿಲ್ಲ, ಹೂಡುವಂತಿಲ್ಲ, ಹಾಲು ಕರೆಯುವಂತಿಲ್ಲ, ಹಾಲೆಲ್ಲ ಕರುಗಳದೇ, ಹರಕೆ ಹೊತ್ತವರೇ ತಮ್ಮ ಕೈಯಾರೆ ಹಗ್ಗ ಬಿಚ್ಚಿ ಒಳಗೆ ಬಿಡಬೇಕು, ಹೊತ್ತವರು ತೀರಿಹೋಗಿದ್ದರೆ ಹೆತ್ತವರು ಬಿಚ್ಚಬಹುದು, ಆದರೆ ತೀರಿಹೋದರೆಂಬುದನ್ನು ಮಂದೆಯ ಬಾಗಿಲಲ್ಲಿ ಬಾಯಿಬಿಟ್ಟು ಹೇಳಬೇಕು — ಅದೇ, ಅದಕ್ಕೇ ಕಾಲು ಬಾರದಿದ್ದುದು, ಆ ಮಾತನ್ನು ಪಿಚ್ಚೈಯಮ್ಮಾಳ್ ಇವತ್ತಿನವರೆಗೂ ಆಡಿಲ್ಲ, ಆಡಬೇಕಾದಲ್ಲೆಲ್ಲ ಬೇರೆಯವರು ಆಡಿದ್ದರು, ಇವಳು ಸೆರಗು ಕಚ್ಚಿಕೊಂಡು ಕೂತಿದ್ದಳು. ಹೇಗೋ ಆ ಬಾಗಿಲು ಮುಟ್ಟಿದಳು, ಮಂದೆ ಕಾಯುವ ಬಾಲಮುರುಗನ್ ಆಂಡಿಪಟ್ಟಿ ಕಡೆಯಿಂದ ಹೊಸದಾಗಿ ಬಂದವನು, ಏನೂ ತಿಳಿಯದೆ ನಗುತ್ತ ಬಂದ, ಕರು ಲಕ್ಷಣವಾಗೈತೆ ಅಕ್ಕಾ, ಯಾರ ಹರಕೆ? ಮಗಳ್ದು ತಮ್ಮಾ. ಪಾಪ್ಪಾ ಬರ್ಲಿಲ್ವಾ? ಇಸ್ಕೂಲ್ಗೆ ಹೋಗವ್ಳೆ — ಬಾಯಿ ತಾನಾಗಿಯೇ ಅಂದುಬಿಟ್ಟಿತು, ಸಾಮಿಯ ಬಾಗಿಲಲ್ಲೇ ಸುಳ್ಳು, ಎಷ್ಟು ಸಿಹಿಯಾದ ಸುಳ್ಳು, ಇಸ್ಕೂಲ್ಗೆ ಹೋಗವ್ಳೆ, ಈಗ ಬೋರ್ಡಿನ ಮೇಲೆ ಏನೋ ಬರೆಯುತ್ತಿರಬೇಕು, ಡಬ್ಬಿಗೆ ನಿಂಬೆಹಣ್ಣಿನ ಅನ್ನ ಹಾಕಿದ್ದೆ, ಉಪ್ಪು ಸಾಕಾಯಿತೋ ಇಲ್ಲವೋ, ಸಂಜೆ ಬಂದವಳೇ ಹೇಳುತ್ತಾಳೆ. ಹಂಗಾರೆ ಲೀವು ದಿನ ಪಾಪ್ಪಾನ್ನೇ ಕರ್ಕೊಂಡು ಬನ್ನಿ ಅಕ್ಕಾ, ಅವ್ಳೇ ಬಿಚ್ಲಿ, ಪರವಾಯಿಲ್ಲೆ. ಸರಿ ತಮ್ಮಾ ಎಂದಳು, ಕರುವನ್ನು ತಿರುಗಿಸಿಕೊಂಡಳು, ಕೊಡಬೇಕಿಲ್ಲ, ಇವತ್ತು ಕೊಡಬೇಕಿಲ್ಲ, ದುರೈಗೆ ಹೇಳಬಹುದು ಸಾಮಿಯೇ ವಾಪಸು ಕಳಿಸಿದ ಎಂದು, ಎದೆ ಹಗುರಾಯಿತು, ಬೇವಿನ ಮರದವರೆಗೂ ಹಗುರಾಗಿಯೇ ಇತ್ತು, ಆಮೇಲೆ ಲೀವು ದಿನ ಬರುತ್ತದಲ್ಲ, ಬಾಲಮುರುಗನ್ ಬಾಗಿಲಲ್ಲಿ ಕಾಯುತ್ತಾನಲ್ಲ, ಯಾರನ್ನು ಕರೆತರಲಿ, ಮಗಳು ಬರುತ್ತಾಳೆ ಬರುತ್ತಾಳೆ ಎಂದು ಎಷ್ಟು ಲೀವು ದಿನ ಹೇಳಲಿ, ಅವಳು ಕೊಟ್ಟ ಮಾತನ್ನು ಇನ್ನು ತೀರಿಸುವವರು ಯಾರು — ತಿರುಗಿ ಬಂದಳು, ತಮ್ಮಾ, ನಾನು ಸುಳ್ಳು ಹೇಳ್ದೆ, ಅವ್ಳು ಇಸ್ಕೂಲ್ಗೆ ಹೋಗಿಲ್ಲ, ಅವ್ಳು ಇಲ್ಲ, ನನ್ನ ಮಗಳು ಜನನಿ ಸತ್ತೋದ್ಳು. ಅಷ್ಟೇ ಮಾತು, ಆಡಿದ್ದು ಅವಳದೇ ಬಾಯಿ, ಬಾಲಮುರುಗನ್ ಹೆಗಲ ಮೇಲಿನ ತುಂಡು ಬಟ್ಟೆ ತೆಗೆದು ಕೈಯಲ್ಲಿ ಹಿಡಿದು ಬಾಗಿಲು ಬಿಟ್ಟು ಸರಿದ, ಅವಳ ಬೆರಳು ಗಂಟನ್ನು ಹುಡುಕಿತು, ಗಂಟು ಬಿಗಿಯಾಗಿತ್ತು, ಬಿಚ್ಚಿತು. ಹೋಗು ಕಣ್ಣೂ. ಕರು ಅವಳನ್ನೊಮ್ಮೆ ಮೂಸಿತು, ಮಂದೆಯೊಳಗೆ ಹೋಯಿತು, ಒಂದು ಮುದಿ ಹಸುವಿನ ಹತ್ತಿರ ಹೋಗಿ ನಿಂತಿತು, ಅದರ ಸ್ವಂತ ಕರು ಆ ಮಗ್ಗುಲಲ್ಲಿ ಹಾಲು ಕುಡಿಯುತ್ತಿತ್ತು, ಈಗ ಒದೆಯುತ್ತದೆ, ಬೇರೆ ಕರುವನ್ನು ಯಾವ ಹಸು ಸೇರಿಸಿಕೊಳ್ಳುತ್ತದೆ, ಕೊಂಬಲ್ಲಿ ತಿವಿದು ಓಡಿಸುತ್ತದೆ — ಹಸು ತಲೆ ತಿರುಗಿಸಿತು, ಮೂಸಿತು, ಒದೆಯಲಿಲ್ಲ, ಯಾರ ಕರು ಎಂದು ಕೇಳಲಿಲ್ಲ, ನಾಲಿಗೆ ಚಾಚಿ ಕರುವಿನ ನೆತ್ತಿ ನೆಕ್ಕಿತು, ಅಲ್ಲಿ ನನ್ನ ಜನನಿಯನ್ನೂ ಯಾರಾದರೂ ಹೀಗೆ, ತಂಬಿರಾನೇ, ಗುರುತಿಲ್ಲದ ಜಾಗಕ್ಕೆ ಹೋದವಳನ್ನು ಯಾರಾದರೂ — ನೆಕ್ಕಿತು, ನೆತ್ತಿಯಿಂದ ಕಿವಿಗೆ, ಕಿವಿಯಿಂದ ಮತ್ತೆ ನೆತ್ತಿಗೆ, ಕರು ಕಣ್ಣು ಮುಚ್ಚಿದೆ, ಹಸು ನೆಕ್ಕುತ್ತಿದೆ, ಹಸು ನೆಕ್ಕುತ್ತಲೇ ಇದೆ.